ಕಾಲಿಂಚಿನ ಮಾತು

ಮೊನ್ನೆ ದುರ್ಗದಬೈಲಿನ ಪೇಟೆಯಲ್ಲಿ ಜಂಪರಿನ ಒಳಗೆ ಹಚ್ಚುವ ಅಸ್ತರ್ ಬಟ್ಟೆಗೆ ಚೌಕಾಸಿ ಮಾಡಿ, ಮೇಲೊಂದು ಡಬ್ಬಿ ಗುರುತಿನ ಚಾಕ್ ಪುಕ್ಕಟೆ ಇಸಕೊಂಡು ಬಂದೆ. ನನ್ನ ಹೊಲಿಗೆ ಅಂಗಡಿಯಲ್ಲಿ ಡಬ್ಬಿ ತೆರೆದಾಗ ಆ ಒಣ ಸುಣ್ಣದ ವಾಸನೆ ಬಂತು ನೋಡಿ... ನನಗೆ ಕಟಿಂಗ್ ಕಲಿಸಿದ ಹಿರಿಯ ಟೇಲರ್ ಕಾಕಾ ಎದುರಿಗೆ ಬಂದು ನಿಂತಂಗಾತು.

ಮದುವೆಯಾದ ಹೊಸದರಲ್ಲಿ ಅವರ ಬಳಿ ಕೆಲಸಕ್ಕೆ ಸೇರಿದ್ದೆ. ಅವರದೊಂದು ಪದ್ಧತಿ ಇತ್ತು. ಬೆಳಿಗ್ಗೆ ಗಿರಾಕಿ ಬರುವ ಮುಂಚೆ, ಮಷೀನಿಗೆ ಎಣ್ಣೆ ಬಿಡುತ್ತ ನಿನ್ನೆಯ ತಪ್ಪುಗಳ ಮಾತು. ಒಮ್ಮೆ ಮದುಮಗಳ ರೇಷ್ಮೆ ಜಂಪರಿಗೆ ಎರಡೂ ತೋಳು ಎಡಗೈಯವೇ ಕತ್ತರಿಸಿಬಿಟ್ಟಿದ್ದೆ. ಗಿರಾಕಿ ಮುಂದೆ ಕಾಕಾ ಚಕಾರ ಎತ್ತಲಿಲ್ಲ. ಮರುದಿನ ಅಂದರು: "ನಾನೂ ಒಬ್ಬಾಕಿಗೆ ಹಿಂಗ ಮಾಡಿದ್ದೆ ತಂಗಿ. ಅಕಿ ಇನ್ನೊಂದು ಎಡಗೈ ಎಲ್ಲಿಂದ ತರಬೇಕಿತ್ತು, ಹೇಳು!" ನಗಿಸಿ, ಎಡ-ಬಲ ಎರಡೂ ತೋಳು ಬರುವಂತೆ ಬಟ್ಟೆ ಹೇಗೆ ಮಡಚಬೇಕೆಂದು ತೋರಿಸಿದರು. ಆಮೇಲೆ ಎಂದಿನಂತೆ, "ಈಗ ನನ್ನ ತಪ್ಪು ಹೇಳು."

ವರ್ಷಗಳು ಕಳೆದಂತೆ, ಕತ್ತರಿಸುವ ಮೊದಲು ಬಟ್ಟೆ ಮೇಲೆ ಚಾಕಿನಿಂದ ಎಳೆಯುವ ಅವರ ಗೆರೆ ಜಾರತೊಡಗಿತು. ಕಾಲಿಂಚು, ಒಮ್ಮೊಮ್ಮೆ ಅರ್ಧ ಇಂಚು... ಕಣ್ಣು ಮಂಜಾಗಿತ್ತು. ಹಿರಿಯರಿಗೆ ಹೇಗೆ ಹೇಳುವುದು? ಅವರು ನಮಾಜಿಗೆ ಹೋದಾಗ ಗೆರೆ ಅಳಿಸಿ ತಿದ್ದುತ್ತಿದ್ದೆ.

"ನಂದೇನರ ತಪ್ಪೈತೇನ ತಂಗಿ?"

"ಏನಿಲ್ರಿ ಕಾಕಾ."

ಅದನ್ನೇ ಗೌರವ ಅಂದುಕೊಂಡಿದ್ದೆ.

ನಾನು ತವರೂರು ಮುಗದಕ್ಕೆ ಹೋಗಿದ್ದ ವಾರ ಗಿರಾಕಿಯೊಬ್ಬಳು ನಾಲ್ಕು ಜನರೆದುರು ಅಳತೆ ತಪ್ಪಿದ ಜಂಪರು ಎಸೆದು, "ಕಣ್ಣ ಕಾಣಂಗಿಲ್ಲಂದ್ರ ಕತ್ತರಿ ಯಾಕ ಹಿಡೀತೀರಿ?" ಅಂದಳಂತೆ. ತಿರುಗಿ ಬಂದಾಗ ಕಾಕಾ ಮೂಲೆಯಲ್ಲಿ ಕೂತು ಗುಂಡಿ ಹಚ್ಚುತ್ತಿದ್ದರು.

"ನಿನಗ ಗೊತ್ತಿತ್ತಲ್ಲಾ?"

ತಲೆ ತಗ್ಗಿಸಿದೆ. "ಈಗರ ಕಣ್ಣು ತೋರಿಸ್ರಿ ಕಾಕಾ..."

"ಕಣ್ಣು ಬರಬಹುದವಾ. ಕೈಯಾಗಿನ ಧೈರ್ಯ ಹೋತು."

ಮತ್ತೆ ಕತ್ತರಿ ಮುಟ್ಟಲಿಲ್ಲ. ಬೆಳಗಿನ ಆ ಪ್ರಶ್ನೆಯನ್ನೂ ಮತ್ತೆ ಕೇಳಲಿಲ್ಲ. ಕೆಲವು ವರ್ಷಗಳಲ್ಲಿ ತೀರಿಯೂ ಹೋದರು...

ಈಗ ಬೈರಿದೇವರಕೊಪ್ಪದ ನನ್ನ ಅಂಗಡಿಯಲ್ಲಿ ನಾಲ್ವರು ಹೆಣ್ಣುಮಕ್ಕಳು ಕೆಲಸಕ್ಕಿದ್ದಾರೆ. ರೇಟಿನಲ್ಲಿ ನಾನು ಒಂದು ರೂಪಾಯಿ ಬಿಡುವವಳಲ್ಲ. ಈ ಬುದ್ಧಿ ಮಾತ್ರ ಪುಕ್ಕಟೆ. ತಪ್ಪನ್ನು ಗಿರಾಕಿ ಮುಂದೆ ಎತ್ತಬೇಡಿ, ಹಾಗಂತ ನುಂಗಿಯೂ ಕೂಡಬೇಡಿ. ಜೊತೆಯವರು ಮೆತ್ತಗೆ ಹೇಳದಿದ್ದರೆ ಊರಿನವರು ಒರಟಾಗಿ ಹೇಳುತ್ತಾರೆ.

ನಿನ್ನೆ ಬೆಳಿಗ್ಗೆ ಮಷೀನಿಗೆ ಎಣ್ಣೆ ಬಿಡುತ್ತ, "ಈಗ ನನ್ನ ತಪ್ಪು ಹೇಳ್ರಿ" ಅಂದೆ. ಹೊಸದಾಗಿ ಸೇರಿದ ಎರಡು ಮಕ್ಕಳ ತಾಯಿ ಸೆರಗು ತಿರುವುತ್ತ, "ಸಿಟ್ಟಾಗಬ್ಯಾಡ್ರಿ ಅಕ್ಕಾರ... ನಿಮ್ಮ ಗೆರಿ ಕಾಲಿಂಚು ಹೊರಗ ಹೋಗೇತ್ರಿ" ಅಂದಳು.

ಟೇಪು ಹಿಡಿದು ನೋಡಿದೆ. ಖರೇನೇ ಇತ್ತು. ತಿದ್ದು ಅಂತ ಚಾಕ್ ಅವಳ ಕೈಗೆ ಕೊಟ್ಟೆ.

ಇಷ್ಟೇ ಮಾತು. ನನಗೂ ಆಡಲು ಒಂದು ಗಳಿಗೆ ಸಾಕಿತ್ತು... ಕಾಕಾ ಇದ್ದಾಗ.