ಸಲೀಂ ಚಾಚಾ ಬರೆದ ಪರದೆ

ಆಗೆಲ್ಲ ನಮಗೆ ಬೇಸಿಗೆ ರಜೆ ಅಂದರೆ ಇಂದಿರಾನಗರದ ಕಲಾಸಂಘದ ಹಾಲ್. ಹೊಸ ತಿಪ್ಪಸಂದ್ರದ ನಮ್ಮ ಮನೆಯಿಂದ ಅಪ್ಪನ ಸ್ಕೂಟರ್‌ನಲ್ಲಿ ಹತ್ತು ನಿಮಿಷ. ಅಪ್ಪ ಹಗಲು ವಿಮಾ ಕಚೇರಿಯ ಗುಮಾಸ್ತ, ಸಂಜೆ ಸಂಘದ ಕಾರ್ಯದರ್ಶಿ. ಹಾಲ್‌ನಲ್ಲಿ ಒಂದು ವಾರ ಚಿತ್ರಪ್ರದರ್ಶನ, ಇನ್ನೊಂದು ವಾರ ನಾಟಕ. ನಾವು ಮಕ್ಕಳು ಖಾಲಿ ಕುರ್ಚಿಗಳ ನಡುವೆ ಕಣ್ಣಾಮುಚ್ಚಾಲೆ ಆಡುತ್ತಿದ್ದೆವು. ಇಷ್ಟು ಚೆಂದದ ಜಾಗದ ಬಗ್ಗೆ ಸಿಟ್ಟಿಲ್ಲದೆ ಬರೆಯಲು ನನಗೆ ಇನ್ನೂ ಆಗುವುದಿಲ್ಲ.

ನನಗೆ ಹತ್ತು ವರ್ಷ ತುಂಬಿದ ಬೇಸಿಗೆಯಲ್ಲಿ, ವಾರ್ಷಿಕೋತ್ಸವದ ನಾಟಕಕ್ಕೆ ಪರದೆ ಬರೆಯಲು ಶಿವಾಜಿನಗರದಿಂದ ಸಲೀಂ ಚಾಚಾ ಬಂದರು. ಅಂಗಡಿಗಳಿಗೆ ಬೋರ್ಡ್ ಬರೆಯುವುದು ಅವರ ಕಸುಬು. ಜೊತೆಗೆ ನನ್ನ ವಯಸ್ಸಿನ ಮಗಳು ಶಾಹೀನಾ. ಮೂರು ವಾರ ಹಾಲ್ ತುಂಬ ಪುಡಿಬಣ್ಣದ, ಬಿಸಿ ಅಂಟಿನ ವಾಸನೆ. ನೆಲಕ್ಕೆ ಹಾಸಿದ ದೊಡ್ಡ ಬಟ್ಟೆಯ ಮೇಲೆ ಚಾಚಾ ಬರಿಗಾಲಲ್ಲಿ ಓಡಾಡುತ್ತ ಹಲಸೂರು ಕೆರೆಯ ಬೆಳಗನ್ನು ಬರೆದರು. ಶಾಹೀನಾ ಡಬ್ಬಿಯಲ್ಲಿ ತರುತ್ತಿದ್ದ ದಮ್ ರೋಟ್ ಎಂಬ ಸಿಹಿ ತಿಂದು ನಾವು ತುಪ್ಪದ ಕೈಯನ್ನು ಫ್ರಾಕಿಗೆ ಒರೆಸಿಕೊಳ್ಳುತ್ತಿದ್ದೆವು.

ಒಂದು ದಿನ ಚಾಚಾ ನನ್ನ ಕೈಗೆ ಕುಂಚ ಕೊಟ್ಟರು. "ಬೇಟಿ, ಈ ಕೊಕ್ಕರೆಗೆ ಕಾಲು ನೀನೇ ಹಾಕು."

"ಸೊಟ್ಟ ಆದ್ರೆ?"

"ಆಗ್ಲಿ ಬಿಡು. ನೀರಲ್ಲಿ ನಿಂತಿದ್ದು ಸೊಟ್ಟಾನೇ ಕಾಣ್ತದೆ."

ನಾಟಕ ಮುಗಿದ ಮೇಲೂ ಜನ ಪರದೆಯದೇ ಮಾತಾಡಿದರು. ಹಾಗಾಗಿ ಮರುದಿನದ ಚಿತ್ರಪ್ರದರ್ಶನದಲ್ಲಿ ಅದನ್ನೂ ಎದುರು ಗೋಡೆಗೆ ತೂಗುಹಾಕಿದರು. ಉಳಿದ ಚಿತ್ರಗಳ ಕೆಳಗೆಲ್ಲ ಬರೆದವರ ಹೆಸರಿನ ಚೀಟಿ. ಪರದೆಯ ಕೆಳಗೆ ಮಾತ್ರ 'ಸಂಘದ ಕೊಡುಗೆ'. ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕಿಕೊಂಡು, ಮಗಳ ಕೈ ಹಿಡಿದು ಬಂದಿದ್ದ ಚಾಚಾ ಆ ಚೀಟಿಯನ್ನು ಎರಡು ಸಲ ಓದಿದರು.

"ಅಪ್ಪಾ, ಚಾಚಾ ಹೆಸರು ಯಾಕಿಲ್ಲ?" ಎಂದೆ.

"ಬೋರ್ಡ್ ಬರೆಯೋರ ಹೆಸರೆಲ್ಲ ಹಾಕೋದು ಬೇಡ ಅಂದಿದಾರೆ ಅಧ್ಯಕ್ಷರು. ಸುಮ್ನಿರು."

ಅಷ್ಟರಲ್ಲಿ ಮುಖ್ಯ ಅತಿಥಿ ಪರದೆಯ ಮುಂದೆ ನಿಂತರು. "ಅದ್ಭುತವಾಗಿದೆ. ಯಾರು ಬರ್ದಿದ್ದು?"

"ನಮ್ಮ ಸದಸ್ಯರೇ ಸೇರಿ ಮಾಡಿದ್ದು ಸಾರ್," ಎಂದರು ಅಧ್ಯಕ್ಷರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಾರದ ತಟ್ಟೆ ಹಿಡಿದಿದ್ದ ಅಪ್ಪ ತಲೆ ತಗ್ಗಿಸಿದರು.

"ಸುಳ್ಳು!" ಎಂದು ಕಿರುಚಿದೆ. "ಬರ್ದಿದ್ದು ಸಲೀಂ ಚಾಚಾ! ಅಲ್ಲೇ ನಿಂತಿದಾರೆ ನೋಡಿ!"

ಅತಿಥಿ ನಕ್ಕು ನನ್ನ ಕೆನ್ನೆ ಸವರಿ ಮುಂದಿನ ಚಿತ್ರಕ್ಕೆ ಹೋದರು. ಅಪ್ಪ ನನ್ನ ರಟ್ಟೆ ಹಿಡಿದು ಹೊರಗೆ ಎಳೆದುತಂದು ಕಪಾಳಕ್ಕೆ ಬಾರಿಸಿದರು. ಹಿಂದೆಯೇ ಬಂದ ಚಾಚಾ, "ಮಗೂನ ಹೊಡೀಬೇಡಿ ಸಾರ್. ನಂಗೆ ಹೆಸರು ಬೇಡ," ಎಂದರು. ಅಪ್ಪನ ಏಟಿಗಿಂತ ಆ ಮಾತಿಗೆ ನನಗೆ ಹೆಚ್ಚು ಸಿಟ್ಟು ಬಂತು. ಬೇಡದಿದ್ದರೆ ಶರ್ಟ್ ಇಸ್ತ್ರಿ ಮಾಡಿಕೊಂಡು ಯಾಕೆ ಬರುತ್ತಿದ್ದರು?

ಶಾಹೀನಾ ನನ್ನನ್ನು ಒಂದೇ ಮಾತು ಕೇಳಿದಳು. "ನಿಮ್ಮಪ್ಪಂಗೆ ಗೊತ್ತಿತ್ತಲ್ಲ?"

ಅವರಿಬ್ಬರೂ ಮತ್ತೆ ಹಾಲ್‌ಗೆ ಬರಲಿಲ್ಲ. ಮಳೆಗಾಲದಲ್ಲಿ ಆ ಪರದೆಯನ್ನು ಹಿತ್ತಲ ಜನರೇಟರ್‌ಗೆ ಹೊದಿಸಿದ್ದರು. ಕೆರೆಯ ಮೇಲೆಲ್ಲ ಡೀಸೆಲ್ ಕಲೆ.

ಎಷ್ಟೋ ವರ್ಷದ ಮೇಲೆ ಅಪ್ಪನನ್ನು ಕೇಳಿದೆ. "ಅಧ್ಯಕ್ಷರು ಆಗ ಆಫೀಸಲ್ಲಿ ನನ್ನ ಮೇಲಧಿಕಾರಿ ಆಗಿದ್ರು ಕಣೇ," ಎಂದರು. ಅರ್ಥವಾಯಿತು. ಕ್ಷಮಿಸಲು ಆಗಲಿಲ್ಲ.

ಹಾಲ್‌ಗೆ ಈಗ ಏಸಿ ಬಂದಿದೆ, ಚಿತ್ರಗಳಿಗಿಂತ ಪ್ರಾಯೋಜಕರ ಹೆಸರು ದೊಡ್ಡದಾಗಿದೆ. ಶಿವಾಜಿನಗರದಲ್ಲಿ ಕೈಬರಹದ ಬೋರ್ಡುಗಳು ಹೋಗಿ ಫ್ಲೆಕ್ಸ್ ಬಂದಿವೆ. ನಾನು ಕಳೆದುಕೊಂಡದ್ದು ಶಾಹೀನಾಳನ್ನು. ಅವಳ ಮನೆ ಇದ್ದದ್ದು ಬರೀ ಎರಡು ಬಸ್ಸಿನ ದೂರದಲ್ಲಿ. ಬಸ್ಸು ಹತ್ತುವಷ್ಟು ದೊಡ್ಡವಳಾದ ಮೇಲೂ ನಾನು ಹೋಗಲಿಲ್ಲ. ಅಪ್ಪ ಬಾಯಿ ಬಿಡಲಿಲ್ಲವೆಂದು ಇಷ್ಟು ವರ್ಷ ಸಿಟ್ಟು ಮಾಡಿಕೊಂಡ ನಾನೂ ಸುಮ್ಮನೇ ಇದ್ದುಬಿಟ್ಟೆ.