ಕೇಸು ಬಿಡದ ಯಶೋಧರಾ

ಜೇವರ್ಗಿಯ ಯಶೋಧರಾ ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದಳು. ಪ್ರಯಾಣಿಕರ ಸಾಮಾನು ತುಂಬಿದ ಗಾಡಿಗಳನ್ನು ವಿಮಾನದವರೆಗೆ ಎಳೆದೊಯ್ಯುವ ಕೆಲಸ. ಕಂಪನಿ ಸರ್ಕಾರದ್ದು, ನೌಕರಿ ಮಾತ್ರ ಗುತ್ತಿಗೆಯದು. ಕಾಯಂ ಮಾಡಬೇಕೆಂದು ಯೂನಿಯನ್ ಹೈಕೋರ್ಟಿಗೆ ಹೋದಾಗ ಅವಳೇ ಮುಂದೆ ನಿಂತು ಎಲ್ಲರ ಸಹಿ ಹಾಕಿಸಿದ್ದಳು. ಸಾಮಾನು ಹೇರುತ್ತಿದ್ದ ಆಳಂದದ ಜಹೀರುದ್ದೀನ ಅವಳನ್ನು ನಂಬಿಯೇ ಸಹಿ ಹಾಕಿದ.

ಕೇಸು ನಡೆಯುತ್ತಿರುವಾಗಲೇ ಸರ್ಕಾರ ಕಂಪನಿಯನ್ನು ಮಾರಿಬಿಟ್ಟಿತು. ಕೇಸು ಬಿಟ್ಟು ಹೊಸ ಕರಾರಿಗೆ ಒಪ್ಪಿದವರನ್ನು ಮಾತ್ರ ಇಟ್ಟುಕೊಳ್ಳುತ್ತೇವೆ ಎಂದರು ಹೊಸ ಮಾಲೀಕರು.

"ಏನ್ ಮಾಡೂಣ್ರಿ ಅಕ್ಕಾ?" ಜಹೀರುದ್ದೀನ ಕೇಳಿದ.

"ಒಪ್ಪಬ್ಯಾಡ್ರಿ ಭಾಯಿ. ಇಷ್ಟ ವರ್ಷ ಸರ್ಕಾರದ ಕೆಲಸ ಮಾಡೇವಿ. ಕೋರ್ಟ್ ಕೈ ಬಿಡಂಗಿಲ್ಲ."

ಅವನು ಕರಾರಿಗೆ ಒಪ್ಪಲಿಲ್ಲ. ಯೂನಿಯನ್ನಿನ ಮುಖಂಡರೇ ಒಬ್ಬೊಬ್ಬರಾಗಿ ಒಪ್ಪಿಕೊಂಡರು, ಉಳಿದವರೂ ಅವರ ಹಿಂದೆ ಹೋದರು. ಇವರಿಬ್ಬರ ಗೇಟ್ ಪಾಸು ರದ್ದಾಗಿ ಕೆಲಸ ಹೋಯಿತು. ಕೊನೆಗೆ ವಿಚಾರಣೆ ಬಂದಾಗ ನ್ಯಾಯಾಧೀಶರು, ಕಂಪನಿ ಈಗ ಸರ್ಕಾರದ್ದಲ್ಲ, ಖಾಸಗಿಯವರ ಮೇಲೆ ಈ ಅರ್ಜಿ ಇಲ್ಲಿ ನಡೆಯುವುದಿಲ್ಲ, ಕಾರ್ಮಿಕ ನ್ಯಾಯಮಂಡಳಿಗೆ ಹೋಗಿ ಎಂದರು. ಅರ್ಜಿ ಹಾಕಿದ್ದು ಮಾರುವ ಮುಂಚೆ ಎಂದು ವಕೀಲರು ಹೇಳಿ ನೋಡಿದರು, ನಡೆಯಲಿಲ್ಲ. ನ್ಯಾಯಮಂಡಳಿಗೆ ಹೋದರೆ ಅಲ್ಲಿ ನ್ಯಾಯಾಧೀಶರ ಹುದ್ದೆಯೇ ಖಾಲಿ. ಗುಮಾಸ್ತ ಪ್ರತಿ ಸಲವೂ ಮುಂದಿನ ತಾರೀಖು ಹೇಳಿ ಕಳಿಸುತ್ತಿದ್ದ.

ಜಹೀರುದ್ದೀನ ಆಳಂದಕ್ಕೆ ಮರಳಿ ದಾಲ್ ಮಿಲ್ಲಿನಲ್ಲಿ ಚೀಲ ಹೊರತೊಡಗಿದ. ಒಂದು ಮಧ್ಯಾಹ್ನ ಯಶೋಧರಾಳನ್ನು ಮನೆಗೆ ಕರೆಸಿದ. ಅವನ ಹೆಂಡತಿ ಮೆಹರಾಜಬೇಗಂ ಚಹಾ ಕೊಟ್ಟು ಅಲ್ಲೇ ಕೂತಳು.

"ಅಕ್ಕಾ, ಕೇಸಿನಾಗಿಂದ ನನ್ನ ಹೆಸರು ತೆಗಸ್ರಿ," ಎಂದ ಅವನು. "ಏರ್‌ಪೋರ್ಟಿನಾಗ ಠೇಕೇದಾರ ಮತ್ತ ಮಂದಿ ತಗೋಳಾಕತ್ತಾನ. ಕೇಸ್ ಇದ್ದವ್ರು ಬ್ಯಾಡಂತ."

"ನನ್ನ ಮ್ಯಾಲ ಸಿಟ್ಟೇನ್ರಿ ಭಾಯಿ?"

"ಸಿಟ್ಟ್ ಮಾಡಿ ಏನ್ ಮಾಡ್ಲಿರಿ. ನೀವರ ಏನ್ ಗಳಿಸೀರಿ."

ಮೆಹರಾಜಬೇಗಂ ಖಾಲಿ ಕಪ್ಪು ಎತ್ತಿಕೊಂಡು ಒಳಗೆ ಹೋದಳು. ಅವನು ಬೈದಿದ್ದರೇ ಚೆನ್ನಾಗಿತ್ತು ಎಂದು ಯಶೋಧರಾಳಿಗೆ ಅನಿಸಿತು.

ಮರುವಾರ ಯಶೋಧರಾ, ಜಹೀರುದ್ದೀನ ಇಬ್ಬರೂ ವಕೀಲರ ಬಳಿ ಹೋಗಿ ಅವನ ಹೆಸರು ತೆಗೆಸಿದರು. ಆದರೆ ಏರ್‌ಪೋರ್ಟಿನ ಆ ಗುತ್ತಿಗೆದಾರ ಜಹೀರುದ್ದೀನನ ನರೆತ ಗಡ್ಡ ನೋಡಿ, ಹರೆಯದವರೇ ಬೇಕಾದಷ್ಟು ಸಿಕ್ಕಿದ್ದಾರೆ ಎಂದುಬಿಟ್ಟ. ಫೋನಿನಲ್ಲಿ ಯಶೋಧರಾಳಿಗೆ ಇದನ್ನು ಹೇಳುವಾಗ ಜಹೀರುದ್ದೀನನ ದನಿಯಲ್ಲಿ ಸಿಟ್ಟೂ ಇರಲಿಲ್ಲ, ದುಃಖವೂ ಇರಲಿಲ್ಲ. ಆಮೇಲೆ ಅವಳು ಎಷ್ಟು ಸಲ ಮಾಡಿದರೂ ಅವನು ಫೋನ್ ಎತ್ತಲಿಲ್ಲ.

ಯಶೋಧರಾ ಈಗ ಜೇವರ್ಗಿಯಲ್ಲಿ ಶಾಲೆಯೊಂದರ ವ್ಯಾನ್ ಓಡಿಸುತ್ತಾಳೆ. ಕೇಸಿನಲ್ಲಿ ಉಳಿದವಳು ಅವಳೊಬ್ಬಳೇ. ತಾರೀಖಿನ ದಿನ ರಜೆ ಹಾಕಿ ಹೋಗುತ್ತಾಳೆ. ಗೆಲ್ಲುವ ಆಸೆ ಹೋಗಿ ಬಹಳ ದಿನವಾಯಿತು. ತಾನೂ ಬಿಟ್ಟರೆ ಜಹೀರುದ್ದೀನನ ಬದುಕು ಸುಮ್ಮಸುಮ್ಮನೆ ಕೆಡಿಸಿದಂತಾಗುತ್ತದೆ ಎಂಬ ಸಂಕಟ ಅವಳನ್ನು ಹೊರಡಿಸುತ್ತದೆ. ನ್ಯಾಯಮಂಡಳಿಗೆ ನ್ಯಾಯಾಧೀಶರು ಇನ್ನೂ ಬಂದಿಲ್ಲ.