ನಮ್ಮ ಗುಡ್ಡದ ಟವರು ಮತ್ತು ನನ್ನ ಗಂಟಲು

ಸಿಟ್ಟು ಬಂದರೆ ನನ್ನ ಕನ್ನಡ ವಿಪರೀತ ಶುದ್ಧವಾಗುತ್ತದೆ. ಪಾಠ ಹೇಳಿದ ಚಟ, ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ. ಹಾಗಾಗಿ ನಮ್ಮ ಮನೆ ಹಿಂದಿನ ಮೊಬೈಲ್ ಟವರಿನ ಬಳಿ ನಿಂತು ನಾನು "ತಾವು ನೆರವೇರಿಸಿರುವ ಈ ಘನಕಾರ್ಯದಿಂದ" ಎಂದು ಶುರು ಮಾಡಿದಾಗ, ಎದುರಿಗಿದ್ದ ಇಂಜಿನಿಯರ್ ಸನ್ಮಾನವೆಂದು ತಿಳಿದು ಕೈಮುಗಿದುಬಿಟ್ಟ.

ಘನಕಾರ್ಯ ಏನೆಂದರೆ, ಟವರಿಗೆ ಫೋರ್‌ಜಿ ಬಂತು, ಹಳೆಯ ಟೂಜಿ ನಿಂತಿತು. ಹೊಸನಗರದ ಈ ಮೂಲೆಯಲ್ಲಿ ನನ್ನ ಮನೆ ಗುಡ್ಡದ ನೆತ್ತಿಯ ಮೇಲಿದೆ. ನನಗೇನು, ಕೂತಲ್ಲೇ ಫೋನಿನಲ್ಲಿ ಪ್ರಪಂಚದ ಅಡುಗೆಯನ್ನೆಲ್ಲ ನೋಡಬಹುದು. ಆದರೆ ಕೆಳಗಿನ ಕಣಿವೆಯ ಮನೆಗಳಲ್ಲಿ ಫೋನುಗಳು ಮೂಕವಾದವು. ಹಳೆಯ ಸಿಗ್ನಲ್ಲು ಗುಡ್ಡ ಬಳಸಿಕೊಂಡಾದರೂ ಕೆಳಗಿಳಿಯುತ್ತಿತ್ತು. ಹೊಸದಕ್ಕೆ ಬಗ್ಗುವ ಅಭ್ಯಾಸವಿಲ್ಲ. ಹೊಸ ಫೋನು ಕೊಂಡರೂ ಉಪಯೋಗವಿಲ್ಲ. ಕೆಳಮನೆಯ ಹೂವಕ್ಕ ತಮ್ಮನ ಸ್ಮಾರ್ಟ್‌ಫೋನ್ ತಂದು ಅಂಗಳ, ಕೊಟ್ಟಿಗೆ, ಬಾವಿಕಟ್ಟೆಯನ್ನೆಲ್ಲ ಸುತ್ತಿ ನೋಡಿದ್ದಾಳೆ.

"ಎರಡನ್ನೂ ಇದೇ ಪೆಟ್ಟಿಗೆಯಲ್ಲಿ ನಡೆಸೋಕೆ ಆಗಲ್ವೇನಪ್ಪ?" ಎಂದೆ.

"ಆಗುತ್ತೆ ಮೇಡಂ. ಹಳೇದಕ್ಕೆ ಸ್ವಲ್ಪ ಜಾಗ ಬಿಟ್ರೆ ಸಾಕು, ದೊಡ್ಡ ಖರ್ಚೇನಿಲ್ಲ. ಆದ್ರೆ ಮೇಲಿಂದ ಹೇಳ್ಬೇಕು."

ನಾನು ಮೇಲೆ ನೋಡಿದೆ. ಒಂದು ಹದ್ದು ಹಾರುತ್ತಿತ್ತು.

ಸಿಟ್ಟಿನ ಮೂಲ ಇದೇ. ಖರ್ಚಿಲ್ಲ, ಕಷ್ಟವಿಲ್ಲ, ಆದರೂ ಮಾಡುವುದಿಲ್ಲ. ಶರಾವತಿ ಹಿನ್ನೀರಿಗೆ ಸೇತುವೆ ಕಟ್ಟುವಾಗ ಹೊಳೆಬಾಗಿಲಿನ ಲಾಂಚನ್ನು ಮೊದಲ ದಿನವೇ ನಿಲ್ಲಿಸಿದರೇ? ಕಂಬಗಳು ಏಳುತ್ತಲೇ ಇದ್ದವು, ಪಕ್ಕದಲ್ಲೇ ಲಾಂಚು ಸಿಗಂದೂರಿನ ಭಕ್ತರನ್ನೂ ಅವರ ಜೀಪುಗಳನ್ನೂ ದಾಟಿಸುತ್ತಲೇ ಇತ್ತು. ನೀರಿನ ಮೇಲೆ ಹೊಳೆದ ಬುದ್ಧಿ ಗಾಳಿಯಲ್ಲಿ ಯಾಕೆ ಹೊಳೆಯುವುದಿಲ್ಲವೋ ನನಗೆ ಅರ್ಥವಾಗಿಲ್ಲ.

ಹೂವಕ್ಕನ ಗಂಡ ಚೌಡಣ್ಣನಿಗೆ ಕಿಡ್ನಿ ಕೈಕೊಟ್ಟಿದೆ. ವಾರಕ್ಕೆರಡು ಸಲ ಸಾಗರಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಸಮಯ ಬದಲಾದರೆ ಆಸ್ಪತ್ರೆಯವರು ಫೋನ್ ಮಾಡುತ್ತಾರೆ. ಟವರು ಉದ್ಧಾರವಾದ ವಾರವೇ ಅಂಥದೊಂದು ಕರೆ ತಪ್ಪಿಹೋಯಿತು. ಮರುದಿನ ಕೋಲೂರಿಕೊಂಡು ನಿಧಾನಕ್ಕೆ ಇಳಿದು ಹೋಗಿ ಅವನನ್ನು ನೋಡಿದೆ. ಮುಖ ಊದಿಕೊಂಡು, ಉಸಿರಿಗೆ ಒದ್ದಾಡುತ್ತ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ. ಇನ್ನೊಂದು ಕರೆ ತಪ್ಪಿದರೆ ಆ ಮನುಷ್ಯ ಉಳಿಯುವುದಿಲ್ಲ ಎಂದು ನನಗೆ ಭಯವಾಯಿತು.

ಅವತ್ತೇ ಹೂವಕ್ಕ ಅವನನ್ನು ಸಾಗರಕ್ಕೆ ಕರೆದೊಯ್ದಳು, ಆಸ್ಪತ್ರೆಗೆ ನನ್ನ ನಂಬರು ಕೊಟ್ಟೆವು. ಕರೆ ನನಗೆ ಬರುತ್ತದೆ, ನಾನು ಅಂಗಳದ ತುದಿಗೆ ಹೋಗಿ ಕೂ ಹಾಕುತ್ತೇನೆ. ನಮ್ಮಲ್ಲಿ ಗುಡ್ಡದಿಂದ ಗುಡ್ಡಕ್ಕೆ ಕೂ ಹಾಕುವುದು ಅಜ್ಜಂದಿರ ಕಾಲದ ಪದ್ಧತಿ. ಹೀಗೆ ಫೋರ್‌ಜಿಗೂ ಅಜ್ಜಂದಿರಿಗೂ ನಡುವೆ ನಾನೇ ಸೇತುವೆಯಾದೆ. ಒಳಗೊಳಗೆ ಜಂಬವೂ ಬಂದಿತ್ತು ಎನ್ನಿ.

ಜಂಬ ಹೆಚ್ಚು ದಿನ ನಿಲ್ಲಲಿಲ್ಲ. ಒಂದು ದಿನ ಟವರಿನ ಕಂಪನಿಯ ದೂರಿನ ನಂಬರಿಗೆ ಫೋನ್ ಮಾಡಿ ಸಂಜೆಯವರೆಗೂ ಶುದ್ಧ ಕನ್ನಡದಲ್ಲಿ ಕಿರುಚಿದೆ. ಬೆಳಿಗ್ಗೆ ಎದ್ದರೆ ಗಂಟಲಿನಿಂದ ಬರೀ ಗಾಳಿ. ಅಷ್ಟರಲ್ಲಿ ಆಸ್ಪತ್ರೆಯ ಕರೆ ಬಂತು. ನಾಳೆ ಕರೆಂಟ್ ಇರುವುದಿಲ್ಲ, ಇವತ್ತೇ ಮಧ್ಯಾಹ್ನ ಕರೆತನ್ನಿ.

ಅಂಗಳಕ್ಕೆ ಓಡಿದೆ, ಬಾಯಿ ತೆರೆದೆ. ಕೂ ಹೊರಡಲಿಲ್ಲ. ಇಳಿಜಾರನ್ನು ಬೇಗ ಇಳಿಯಲು ನನ್ನ ಮಂಡಿ ಒಪ್ಪುವುದಿಲ್ಲ, ಬಸ್ಸಿನ ಹೊತ್ತು ಹತ್ತಿರವಾಗುತ್ತಿತ್ತು. ಕೈಗೆ ಸಿಕ್ಕಿದ್ದು ತಗಡಿನ ಡಬ್ಬ. ಬಡಿದೆ, ಅಳುತ್ತ ಬಡಿದೆ.

ನಮ್ಮ ಕಡೆ ಡಬ್ಬ ಬಡಿದರೆ ಅದಕ್ಕೆ ಒಂದೇ ಅರ್ಥ, ತೋಟಕ್ಕೆ ಮಂಗಗಳು ಬಂದಿವೆ. ಕಣಿವೆಯ ಅಷ್ಟೂ ನಾಯಿಗಳು ಬೊಗಳಿದವು. ಎಲ್ಲ ಮನೆಗಳಿಂದಲೂ ಹೋ ಎಂಬ ಗದ್ದಲ. ಚೌಡಣ್ಣನೂ ಜಗಲಿಯಲ್ಲಿ ಎದ್ದು ನಿಂತು ತನಗಿದ್ದಷ್ಟು ಉಸಿರಿನಲ್ಲಿ ಇಲ್ಲದ ಮಂಗಗಳನ್ನು ಬೆದರಿಸುತ್ತಿದ್ದ. ಹೂವಕ್ಕ ಕೋಲು ಹಿಡಿದು ಏದುಸಿರು ಬಿಡುತ್ತ ನನ್ನ ಅಂಗಳಕ್ಕೇ ಹತ್ತಿ ಬಂದಳು.

"ಎಲ್ಲದಾವ್ರೀ ಟೀಚರ್ರೆ ಮಂಗ?"

"ಸಾಗರ," ಎಂದು ಪಿಸುಗುಟ್ಟಿದೆ. "ಇವತ್ತೇ."

ಅವಳು ಕೋಲು ಎಸೆದು, ತಿರುಗಿ ನಿಂತು, ಕಣಿವೆ ನಡುಗುವಂತೆ ಕೂ ಹಾಕಿದಳು. "ಅಂಗಿ ಹಾಕ್ಕಳ್ರೀ! ಸಾಗರಕ್ಕೆ ಹೋಗ್ಬೇಕು!"

ಬಸ್ಸು ಸಿಕ್ಕಿತು. ರಾತ್ರಿ ಚೌಡಣ್ಣ ಊತ ಇಳಿದ ಮುಖದಲ್ಲಿ ಮನೆ ಸೇರಿದ. ಬೆಳಗಾಗುತ್ತಲೇ ಹೂವಕ್ಕ ಒಂದು ಚೊಂಬು ಕಾಳುಮೆಣಸಿನ ಕಷಾಯ ಹಿಡಿದು ಮತ್ತೆ ಗುಡ್ಡ ಹತ್ತಿದಳು.

"ಪೂರಾ ಕುಡೀರಿ. ಶುಕ್ರವಾರ ಮತ್ತೆ ಹೋಗಾದು ಐತೆ."

ಕಣ್ಣಲ್ಲಿ ನೀರು ಬರುವಷ್ಟು ಖಾರ. ಒಂದು ಹನಿಯನ್ನೂ ಬಿಡದೆ ಕುಡಿದೆ.

ಈಗ ನಾನು ಯಾರನ್ನೂ ಬೈಯುತ್ತಿಲ್ಲ. ನೋಡಿದವರು, ಟೀಚರ್ ವಯಸ್ಸಾದಂತೆ ಶಾಂತವಾಗಿದ್ದಾರೆ ಎನ್ನುತ್ತಾರೆ. ಸಿಟ್ಟು ಕೂದಲೆಳೆಯಷ್ಟೂ ಇಳಿದಿಲ್ಲ. ಶುಕ್ರವಾರಕ್ಕೆ ದನಿ ಬೇಕು, ಅಷ್ಟೆ.